ಎಷ್ಟು ದೂರ ಕಾಣುತ್ತಿತ್ತು? ಧೂಳಿನ ಬಿರುಗಾಳಿಯನ್ನು ಅಳೆಯುವ ಬಗೆ

ಭೂಕಂಪವಾದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಅಂಕಿ ಬರುತ್ತದೆ. ಚಂಡಮಾರುತಕ್ಕೆ ಗಾಳಿಯ ವೇಗ ನೋಡಿ ಒಂದು ವರ್ಗ ಕೊಡುತ್ತಾರೆ. ಮರಳು ಮತ್ತು ಧೂಳಿನ ಬಿರುಗಾಳಿಗೆ ಹಾಗೆ ಎಲ್ಲರೂ ಒಪ್ಪಿಕೊಂಡ ಒಂದೇ ಅಳತೆ ಇಲ್ಲ. 'ಭಾರೀ ಬಿರುಗಾಳಿ' ಎಂದು ಸುದ್ದಿ ಬರುತ್ತದೆ. ಎಷ್ಟು ಭಾರೀ? ಹೋದ ವರ್ಷ ಬಂದದ್ದಕ್ಕಿಂತ ಜಾಸ್ತಿಯೋ ಕಮ್ಮಿಯೋ? ಯಾವುದರಲ್ಲಿ ಜಾಸ್ತಿ?

ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಪ್ರತಿ ವರ್ಷ ಸುಮಾರು 200 ಕೋಟಿ ಟನ್ ಧೂಳು ನೆಲ ಬಿಟ್ಟು ಗಾಳಿ ಸೇರುತ್ತದೆ. ವಿಶ್ವಸಂಸ್ಥೆ 2025ರಿಂದ 2034ರವರೆಗಿನ ಹತ್ತು ವರ್ಷವನ್ನು ಈ ಬಿರುಗಾಳಿಗಳನ್ನು ಎದುರಿಸುವ ದಶಕ ಎಂದು ಕರೆದಿದೆ. ಎದುರಿಸಬೇಕಾದರೆ ಮೊದಲು ಅಳೆಯಬೇಕು, ಅಲ್ವಾ? ನೆಲ ಹಾಳಾಗುತ್ತಿದೆಯೋ ಸುಧಾರಿಸುತ್ತಿದೆಯೋ, ನೆಟ್ಟ ಗಿಡಗಳಿಂದ ಏನಾದರೂ ಉಪಯೋಗವಾಯಿತೋ ಇಲ್ಲವೋ, ಮುನ್ಸೂಚನೆ ಸರಿಹೋಯಿತೋ ತಪ್ಪಿತೋ, ಎಲ್ಲಕ್ಕೂ ಅಳತೆ ಬೇಕು.

ಇದಕ್ಕೆ ವಿಶೇಷ ಉಪಕರಣಗಳೇ ಬೇಕೆಂದೇನಿಲ್ಲ. ಲೋಕದ ಸಾವಿರಾರು ಹವಾಮಾನ ಕೇಂದ್ರಗಳು ದಿನವೂ ಬರೆದಿಡುವ ಮಾಮೂಲು ಅಂಕಿಗಳಲ್ಲೇ ಬಿರುಗಾಳಿಯ ಗುರುತು ಇರುತ್ತದೆ. ಗಾಳಿ ಎಷ್ಟು ಜೋರಾಗಿತ್ತು, ಎಷ್ಟು ದೂರದವರೆಗೆ ಕಾಣುತ್ತಿತ್ತು, ತೇವ ಎಷ್ಟಿತ್ತು, ಒತ್ತಡ ಏರಿತೋ ಇಳಿಯಿತೋ ಎಂಬ ಅಂಕಿಗಳು ಅವು. ಅವನ್ನು ಓದುವ ಬಗೆ ಗೊತ್ತಿರಬೇಕು, ಅಷ್ಟೇ. ಆ ಬಗೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಒಗಟು. ಲೆಕ್ಕಕ್ಕೆಂದು ಎರಡು ಬಿರುಗಾಳಿಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದು ಗೋಡೆಯ ಹಾಗೆ ಎದ್ದು ಬಂತು. 40 ನಿಮಿಷ ಇತ್ತು. ಆ ಹೊತ್ತಿನಲ್ಲಿ 100 ಮೀಟರ್ ಆಚೆ ಏನೂ ಕಾಣಲಿಲ್ಲ. ಎರಡನೆಯದು ಮೆಲ್ಲಗೆ ಬಂತು, 12 ಗಂಟೆ ಬೀಸಿತು. ಆದರೆ 900 ಮೀಟರ್ ದೂರದವರೆಗೂ ಕಾಣುತ್ತಿತ್ತು. ಎರಡರಲ್ಲಿ ಯಾವುದು ದೊಡ್ಡದು? ಉತ್ತರವನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಲೆಕ್ಕ ಹಾಕಿ ನೋಡೋಣ.

ಕಣ್ಣೇ ಮೊದಲ ಅಳತೆಗೋಲು

ಬಿರುಗಾಳಿಯನ್ನು ಅಳೆಯುವ ಅತ್ಯಂತ ಹಳೆಯ ಸಾಧನ ಮನುಷ್ಯನ ಕಣ್ಣು. ಹವಾಮಾನ ಕೇಂದ್ರದ ವೀಕ್ಷಕರಿಗೆ ಸುತ್ತಲಿನ ಗುರುತುಗಳ ದೂರ ಗೊತ್ತಿರುತ್ತದೆ. ಆ ಗೋಪುರ 800 ಮೀಟರ್, ಈ ಗುಡ್ಡ 5 ಕಿಲೋಮೀಟರ್, ಹೀಗೆ. ಗುಡ್ಡ ಮಾಯವಾಗಿ ಗೋಪುರ ಮಾತ್ರ ಕಾಣುತ್ತಿದ್ದರೆ ಗೋಚರತೆ ಈ ಎರಡರ ನಡುವೆ ಇದೆ ಎಂದರ್ಥ. ರಾತ್ರಿ ಹೊತ್ತು ದೂರದ ದೀಪಗಳೇ ಗುರುತು.

ಧೂಳಿನ ಬಿರುಗಾಳಿ ಎಂದು ಕರೆಯಲು ಅಂತರರಾಷ್ಟ್ರೀಯವಾಗಿ ಬಳಸುವ ಗೆರೆ ಕೂಡ ಗೋಚರತೆಯದ್ದೇ. ಗಾಳಿ ಎಬ್ಬಿಸಿದ ಧೂಳಿನಿಂದ ಗೋಚರತೆ 1 ಕಿಲೋಮೀಟರಿಗಿಂತ ಕಮ್ಮಿಯಾದರೆ ಅದು ಬಿರುಗಾಳಿ. ಚೀನಾದಲ್ಲಿ ಇದನ್ನೇ ಇನ್ನಷ್ಟು ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಗಾಳಿ ಹೆಚ್ಚಿಲ್ಲದೆ ಸುಮ್ನೆ ತೇಲುತ್ತಿರುವ ಧೂಳು ಒಂದು ಬಗೆ. ಗಾಳಿಗೆ ಎದ್ದ ಧೂಳಿನಲ್ಲಿ 1ರಿಂದ 10 ಕಿಲೋಮೀಟರ್ ಕಾಣುತ್ತಿದ್ದರೆ ಅದು ಇನ್ನೊಂದು ಬಗೆ. 1 ಕಿಲೋಮೀಟರಿಗಿಂತ ಕೆಳಗಿಳಿದರೆ ಬಿರುಗಾಳಿ, 500 ಮೀಟರಿಗಿಂತ ಕೆಳಗೆ ತೀವ್ರ, 50 ಮೀಟರಿಗಿಂತ ಕೆಳಗೆ ಅತಿ ತೀವ್ರ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಸದಾಗಿ ಈ ಅಂಕಿಗಳನ್ನು ಕೈಗೆತ್ತಿಕೊಳ್ಳುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಗೋಚರತೆ ಎಂದರೆ ಧೂಳಿನ ಪ್ರಮಾಣ ಅಲ್ಲ, ಅದರ ತಲೆಕೆಳಗಾದ ರೂಪ. ಧೂಳು ಬೆಳಕನ್ನು ತಡೆಯುತ್ತದೆ. ಒಂದು ಬೆಳಕಿನ ಕಿರಣ ಗಾಳಿಯಲ್ಲಿ ಸಾಗುತ್ತಾ ಮೊದಲಿನ ಶೇ. 5ರಷ್ಟಕ್ಕೆ ಇಳಿಯಲು ಎಷ್ಟು ದೂರ ಬೇಕೋ ಅದೇ ಹವಾಮಾನದವರ ಲೆಕ್ಕದ ಗೋಚರತೆ. ಇದನ್ನು ಸೂತ್ರ ಮಾಡಿದರೆ, ಬೆಳಕನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ 3ನ್ನು ಗೋಚರತೆಯಿಂದ ಭಾಗಿಸಿದಷ್ಟು. ದೂರವನ್ನು ಕಿಲೋಮೀಟರಿನಲ್ಲಿ ಹಾಕಬೇಕು.

ಅಂಕಿ ಹಾಕಿ ನೋಡಿ. ಗೋಚರತೆ 10 ಕಿಲೋಮೀಟರ್ ಇದ್ದಾಗ ಬೆಳಕು ತಡೆಯುವ ಶಕ್ತಿ 0.3. ಅದು 9 ಕಿಲೋಮೀಟರಿಗೆ ಇಳಿದರೆ 0.33. ಒಂದು ಇಡೀ ಕಿಲೋಮೀಟರ್ ಕಮ್ಮಿಯಾದರೂ ಗಾಳಿಯಲ್ಲಿ ಹೆಚ್ಚೇನೂ ಬದಲಾಗಿಲ್ಲ. ಈಗ 200 ಮೀಟರಿನಿಂದ 100 ಮೀಟರಿಗೆ ಇಳಿಯಲಿ. ಶಕ್ತಿ 15ರಿಂದ 30ಕ್ಕೆ ಹಾರುತ್ತದೆ. ಬರೀ 100 ಮೀಟರ್ ವ್ಯತ್ಯಾಸ, ಆದರೆ ಸೇರಿದ ಧೂಳು ಮೊದಲಿನದಕ್ಕಿಂತ 400 ಪಟ್ಟಿಗೂ ಜಾಸ್ತಿ.

ಹಾಗಾಗಿ ಗೋಚರತೆಯ ಸರಾಸರಿ ತೆಗೆಯಬಾರದು. ಒಂದು ಗಂಟೆ 100 ಮೀಟರ್, ಮುಂದಿನ ಗಂಟೆ 10 ಕಿಲೋಮೀಟರ್ ಇತ್ತು ಅನ್ನಿ. ಸರಾಸರಿ 5 ಕಿಲೋಮೀಟರ್ ಬರುತ್ತದೆ. ಕೇಳಿದವರು ಏನೂ ಆಗಿಯೇ ಇಲ್ಲ ಅಂದುಕೊಳ್ಳುತ್ತಾರೆ. ಬೆಳಕು ತಡೆಯುವ ಶಕ್ತಿಯ ಸರಾಸರಿ ತೆಗೆದು ಅದನ್ನು ಮತ್ತೆ ದೂರಕ್ಕೆ ತಿರುಗಿಸಿದರೆ ಸುಮಾರು 200 ಮೀಟರ್ ಬರುತ್ತದೆ. ಎರಡು ಗಂಟೆಯ ನಿಜವಾದ ಕಥೆ ಅದು. ತಿಂಗಳ ಸರಾಸರಿ ಗೋಚರತೆ ಎಂಬ ಅಂಕಣವನ್ನು ನೋಡಿದಾಗಲೆಲ್ಲ ಒಳಗೆ ಎಷ್ಟು ಬಿರುಗಾಳಿಗಳು ಹೂತುಹೋಗಿವೆಯೋ ಎಂದು ನನಗೆ ಅನ್ನಿಸುತ್ತದೆ.

ಕಾಣುವ ದೂರದಿಂದ ಧೂಳಿನ ತೂಕಕ್ಕೆ

ಡಾಕ್ಟರಿಗೆ, ರೈತನಿಗೆ ಬೇಕಾಗುವುದು ಬೆಳಕಿನ ಲೆಕ್ಕ ಅಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಧೂಳಿದೆ ಎಂಬ ತೂಕ ಬೇಕು. ಗೋಚರತೆಯನ್ನು ತೂಕಕ್ಕೆ ತಿರುಗಿಸಲು ಬೇರೆ ಬೇರೆ ಸಂಶೋಧಕರು ಸೂತ್ರಗಳನ್ನು ಕೊಟ್ಟಿದ್ದಾರೆ. ಈಶಾನ್ಯ ಏಷ್ಯಾದ ಧೂಳಿಗಾಗಿ 2003ರಲ್ಲಿ ಪ್ರಕಟವಾದ ಒಂದು ಸೂತ್ರ ತುಂಬ ಬಳಕೆಯಲ್ಲಿದೆ. ಗೋಚರತೆ 3.5 ಕಿಲೋಮೀಟರಿಗಿಂತ ಕಮ್ಮಿ ಇದ್ದಾಗ, ಗೋಚರತೆಯ 0.84ನೇ ಘಾತದಿಂದ ಸುಮಾರು 3,800ನ್ನು ಭಾಗಿಸಿದರೆ ಒಂದು ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಧೂಳು ಎಂದು ಸಿಗುತ್ತದೆ. 1 ಕಿಲೋಮೀಟರ್ ಕಾಣುತ್ತಿದ್ದರೆ ಸುಮಾರು 3,800. 500 ಮೀಟರಿಗೆ ಸುಮಾರು 6,800. 100 ಮೀಟರಿಗೆ 26,000 ದಾಟುತ್ತದೆ.

ಇವು ಎಂಥ ಅಂಕಿಗಳು ಎಂದು ತಿಳಿಯಲು ಒಂದು ಹೋಲಿಕೆ. 10 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು ಪಿಎಂ10 ಅನ್ನುತ್ತಾರೆ. ಅವು ಒಂದು ದಿನದ ಸರಾಸರಿಯಲ್ಲಿ 45 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದೇ ವರ್ಷ ಮಾರ್ಚ್ 15ರಂದು ಮಂಗೋಲಿಯಾ ಕಡೆಯಿಂದ ಬಂದ ಬಿರುಗಾಳಿಗೆ ಬೀಜಿಂಗ್‌ನ ಕೆಲವು ಭಾಗಗಳಲ್ಲಿ ಪಿಎಂ10 ಪ್ರಮಾಣ 8,000 ದಾಟಿತ್ತು.

ಸಹಾರಾ ಧೂಳಿನ ಮೇಲೆ ಕೆಲಸ ಮಾಡಿದ ಇನ್ನೊಂದು ಹೆಸರಾಂತ ಸೂತ್ರ 1986ರದ್ದು. ಅದರ ಪ್ರಕಾರ 1 ಕಿಲೋಮೀಟರ್ ಗೋಚರತೆಗೆ ಬರುವುದು ಸುಮಾರು 930 ಮೈಕ್ರೋಗ್ರಾಂ. ಮೊದಲಿನ ಸೂತ್ರ ಕೊಟ್ಟಿದ್ದು 3,800. ನಾಲ್ಕು ಪಟ್ಟು ವ್ಯತ್ಯಾಸ! ಯಾವುದು ಸುಳ್ಳು? ಎರಡೂ ಅಲ್ಲ. 1986ರದ್ದು ಸಣ್ಣ ಕಣಗಳನ್ನು ಮಾತ್ರ ಎಣಿಸುತ್ತದೆ, ಇನ್ನೊಂದು ತೇಲುವ ಧೂಳನ್ನೆಲ್ಲ ಸೇರಿಸಿಕೊಳ್ಳುತ್ತದೆ. ಅದರ ಜೊತೆಗೆ ಇನ್ನೂ ಆಳದ ಕಾರಣ ಒಂದಿದೆ. ಬೆಳಕನ್ನು ತಡೆಯುವುದು ಕಣದ ಮೇಲ್ಮೈ, ತೂಕ ಅಲ್ಲ. ಒಂದೇ ತೂಕದ ಧೂಳನ್ನು ಹತ್ತು ಪಟ್ಟು ನುಣ್ಣಗೆ ಪುಡಿ ಮಾಡಿದರೆ ಅದರ ಒಟ್ಟು ಮೇಲ್ಮೈ ಹತ್ತು ಪಟ್ಟು ಆಗುತ್ತದೆ. ನುಣ್ಣನೆಯ ಧೂಳು ಸ್ವಲ್ಪವೇ ಇದ್ದರೂ ಸಾಕು, ದಾರಿ ಕಾಣುವುದಿಲ್ಲ. ಧೂಳು ಎದ್ದ ಜಾಗದ ಹತ್ತಿರ ದಪ್ಪ ಕಣಗಳು ಜಾಸ್ತಿ. ದೂರ ಹೋದಂತೆ ದಪ್ಪದವು ಬಿದ್ದುಹೋಗುತ್ತವೆ. ಕಾಳನ್ನು ಗಾಳಿಗೆ ತೂರಿದಾಗ ಕಾಳು ಕಾಲ ಬುಡದಲ್ಲಿ ಬಿದ್ದು ಹೊಟ್ಟು ದೂರ ಹೋಗುತ್ತದಲ್ಲ, ಹಾಗೆಯೇ. ಆದ್ದರಿಂದ ಒಂದು ಪ್ರದೇಶದ ಸೂತ್ರವನ್ನು ಇನ್ನೊಂದು ಕಡೆಗೆ ಕಣ್ಣುಮುಚ್ಚಿ ಹೊತ್ತುಕೊಂಡು ಹೋದರೆ ತೂಕ ಹಲವು ಪಟ್ಟು ತಪ್ಪಬಹುದು.

ಗಾಳಿ ಎಷ್ಟಿದ್ದರೆ ಧೂಳು ಏಳುತ್ತದೆ?

ಗಾಳಿ ನೇರವಾಗಿ ನುಣ್ಣನೆಯ ಧೂಳನ್ನು ಎತ್ತುತ್ತದೆ ಎಂದು ನಮಗೆ ಅನ್ನಿಸುತ್ತದೆ. ಅದು ಹಾಗಲ್ಲ. ತೀರಾ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಾಳಿಗೆ ಅವು ಸುಲಭಕ್ಕೆ ಬಿಡುವುದಿಲ್ಲ. ದಪ್ಪ ಮರಳು ಭಾರ, ಅದೂ ಏಳುವುದಿಲ್ಲ. ಎಲ್ಲಕ್ಕಿಂತ ಸುಲಭವಾಗಿ ಅಲುಗುವುದು ನಡುವಿನವು, ಸುಮಾರು 70ರಿಂದ 100 ಮೈಕ್ರೋಮೀಟರ್ ಗಾತ್ರದ ನಯವಾದ ಮರಳಿನ ಕಣಗಳು. ಅವು ಜಿಗಿಯುತ್ತಾ ಹೋಗುತ್ತವೆ. ಪ್ರತಿ ಸಲ ನೆಲಕ್ಕೆ ಬಿದ್ದಾಗ ಸಣ್ಣ ಗುಂಡಿನ ಹಾಗೆ ಬಡಿದು, ಅಂಟಿಕೊಂಡಿದ್ದ ನುಣ್ಣನೆಯ ಧೂಳನ್ನು ಸಿಡಿಸುತ್ತವೆ. ಧೂಳಿನ ಮೋಡ ಎದ್ದೇಳುವುದು ಈ ಬಡಿತದಿಂದ. ಮರಳು ಹೆಚ್ಚಾಗಿ ನೆಲದಿಂದ ಒಂದೆರಡು ಮೀಟರ್ ಒಳಗೇ ಓಡುತ್ತದೆ, ಧೂಳು ಕಿಲೋಮೀಟರುಗಟ್ಟಲೆ ಮೇಲಕ್ಕೆ ಹೋಗುತ್ತದೆ. ಮರಳಿನ ಬಿರುಗಾಳಿಗೂ ಧೂಳಿನ ಬಿರುಗಾಳಿಗೂ ಇರುವ ವ್ಯತ್ಯಾಸದ ಮೂಲ ಇದೇ.

ಮರಳು ಜಿಗಿಯುವ ಈ ಲೆಕ್ಕವನ್ನು ಗಟ್ಟಿ ಅಡಿಪಾಯದ ಮೇಲೆ ನಿಲ್ಲಿಸಿದವರು ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. 1920 ಮತ್ತು 30ರ ದಶಕಗಳಲ್ಲಿ ಲಿಬಿಯನ್ ಮರುಭೂಮಿಯಲ್ಲಿ ಕಾರಿನಲ್ಲಿ ಸುತ್ತಾಡಿದವರು. ಆಮೇಲೆ ಗಾಳಿಸುರಂಗದಲ್ಲಿ ಪ್ರಯೋಗ ಮಾಡಿ 1941ರಲ್ಲಿ ತಮ್ಮ ಪುಸ್ತಕ ತಂದರು. ಅವರಿಂದ ನಮಗೆ ಸಿಕ್ಕ ದೊಡ್ಡ ಮಾತು, ಸಾಗುವ ಮರಳಿನ ಪ್ರಮಾಣ ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬುದು. ಗಾಳಿ ಎರಡು ಪಟ್ಟಾದರೆ ಮರಳು ಎಂಟು ಪಟ್ಟು.

ಇದರ ಜೊತೆಗೆ ಒಂದು ಹೊಸ್ತಿಲು ಇದೆ. ಅದಕ್ಕಿಂತ ಕಮ್ಮಿ ಗಾಳಿಗೆ ನೆಲ ಕದಲುವುದೇ ಇಲ್ಲ. ಒಣಗಿದ, ಸಡಿಲವಾದ ಮರಳಿನ ಮೇಲೆ, 10 ಮೀಟರ್ ಎತ್ತರದಲ್ಲಿ ಅಳೆದ ಗಾಳಿ ಸೆಕೆಂಡಿಗೆ ಸುಮಾರು 6 ಮೀಟರ್ ಆದಾಗ ಹೊಸ್ತಿಲು ದಾಟುತ್ತದೆ. ಗಂಟೆಗೆ 22 ಕಿಲೋಮೀಟರ್ ಅಂದುಕೊಳ್ಳಿ. ಮಣ್ಣು ತೇವವಾಗಿದ್ದರೆ, ಮೇಲೆ ಹೆಪ್ಪು ಕಟ್ಟಿದ್ದರೆ, ಹುಲ್ಲೋ ಕಲ್ಲೋ ಇದ್ದರೆ ಹೊಸ್ತಿಲು ಇನ್ನೂ ಮೇಲೇರುತ್ತದೆ.

1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸರಳ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. ಗಾಳಿಯ ವೇಗದ ವರ್ಗವನ್ನು (ವೇಗವನ್ನು ವೇಗದಿಂದಲೇ ಗುಣಿಸಿದ್ದು), ಹೊಸ್ತಿಲನ್ನು ಮೀರಿದ ವೇಗದಿಂದ ಗುಣಿಸಿ, ಅಂಥ ಗಾಳಿ ಎಷ್ಟು ಹೊತ್ತು ಬೀಸಿತೋ ಅದರಿಂದ ಮತ್ತೆ ಗುಣಿಸುವುದು. ಮರಳನ್ನು ಸಾಗಿಸಲು ಗಾಳಿಗೆ ಎಷ್ಟು ಕಸುವಿತ್ತು ಎಂದು ಇದರಿಂದ ತಿಳಿಯುತ್ತದೆ. ಒಂದು ಉದಾಹರಣೆ ನೋಡಿ. ಹೊಸ್ತಿಲು 6 ಮೀಟರ್ ಇರಲಿ. ಒಂದು ಕಡೆ ಒಂದೇ ಸಮನೆ 6 ಮೀಟರ್ ಗಾಳಿ ಬೀಸಿತು. ಮೀರಿದ ವೇಗ ಸೊನ್ನೆ, ಹಾಗಾಗಿ ಕಸುವೂ ಸೊನ್ನೆ. ಇನ್ನೊಂದು ಕಡೆ ಅರ್ಧ ಹೊತ್ತು 2 ಮೀಟರ್, ಇನ್ನರ್ಧ ಹೊತ್ತು 10 ಮೀಟರ್. ಸರಾಸರಿ ಇಲ್ಲೂ 6. ಆದರೆ 10 ಮೀಟರಿನ ಹೊತ್ತಿನಲ್ಲಿ 100ನ್ನು 4ರಿಂದ ಗುಣಿಸಬೇಕು, ಅರ್ಧ ಹೊತ್ತಿಗೆ 200 ಆಯಿತು. ಸರಾಸರಿ ಒಂದೇ, ಆದರೆ ಒಂದು ಕಡೆ ಮರಳು ಅಲುಗಲೇ ಇಲ್ಲ, ಇನ್ನೊಂದು ಕಡೆ ಬಿರುಗಾಳಿ. ದಿನದ ಸರಾಸರಿ ವೇಗ ಹಿಡಿದು ಧೂಳಿನ ಲೆಕ್ಕ ಮಾಡಿದರೆ ಹೀಗೇ ಮೋಸ ಹೋಗುತ್ತೇವೆ. ಹತ್ತು ನಿಮಿಷದ ಅಂಕಿಗಳೇ ಬೇಕು. ಗಾಳಿ ಒಮ್ಮೆಲೇ ನುಗ್ಗಿದಾಗಿನ ಗರಿಷ್ಠ ವೇಗವೂ ಇದ್ದರೆ ಇನ್ನೂ ಒಳ್ಳೆಯದು.

ಆದರೂ ಗಾಳಿಯೇ ಬಿರುಗಾಳಿಯ ತೀವ್ರತೆ ಅಲ್ಲ. ಒಂದೇ ಗಾಳಿ ಮಳೆ ಬಂದ ಮಾರನೆಯ ದಿನ ಏನನ್ನೂ ಎಬ್ಬಿಸದೆ ಹೋಗಬಹುದು, ಬರಗಾಲದ ಕೊನೆಯಲ್ಲಿ ಆಕಾಶ ಮುಚ್ಚಬಹುದು. ಇನ್ನು ಬೇರೆಲ್ಲೋ ಎದ್ದ ಧೂಳು ತೇಲಿ ಬಂದಾಗ ನಮ್ಮ ಕೇಂದ್ರದ ಗಾಳಿಮಾಪಕ ಹೆಚ್ಚುಕಡಿಮೆ ನಿಂತೇ ಇರಬಹುದು. 2020ರ ಜೂನ್‌ನಲ್ಲಿ ಸಹಾರಾದಿಂದ ಹೊರಟ ಧೂಳು ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳನ್ನು ಮುಸುಕಿತ್ತು. ಅಲ್ಲಿನ ಗಾಳಿಯ ಅಂಕಿ ನೋಡಿದರೆ ಆ ಧೂಳು ಅರ್ಥವಾಗುವುದಿಲ್ಲ. ಧೂಳು ಎದ್ದ ಕಡೆಯ ಜೋರು ಒಂದು, ಧೂಳು ಬಂದು ಸೇರಿದ ಕಡೆಯ ಜೋರು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಈ ಎರಡನ್ನು ಒಂದೇ ಪಟ್ಟಿಯಲ್ಲಿ ಬೆರೆಸಲೇಬಾರದು.

ಎರಡಂಕಿಯ ಸಂಕೇತಗಳು

ವೀಕ್ಷಕರು ಕಂಡದ್ದನ್ನು ಮಾತಿನಲ್ಲಿ ಬರೆಯುವುದಿಲ್ಲ. 00ರಿಂದ 99ರವರೆಗಿನ ಎರಡಂಕಿಯ ಸಂಕೇತದಲ್ಲಿ ಬರೆಯುತ್ತಾರೆ. ಯಾವ ದೇಶದಲ್ಲಾದರೂ ಅರ್ಥ ಒಂದೇ. 06 ಎಂದರೆ ಧೂಳು ತೇಲುತ್ತಿದೆ, ಆದರೆ ಇಲ್ಲಿನ ಗಾಳಿ ಎಬ್ಬಿಸಿದ್ದಲ್ಲ. 07 ಎಂದರೆ ಇಲ್ಲೇ ಗಾಳಿಗೆ ಏಳುತ್ತಿದೆ, ಬಿರುಗಾಳಿಯಷ್ಟು ಆಗಿಲ್ಲ. 08 ಧೂಳಿನ ಸುಳಿಗಾಳಿ. 30, 31, 32 ಸಾಧಾರಣ ಬಿರುಗಾಳಿ, 33, 34, 35 ತೀವ್ರ ಬಿರುಗಾಳಿ. ಮೂರು ಮೂರು ಅಂಕಿ ಏಕೆ? ಹಿಂದಿನ ಒಂದು ಗಂಟೆಯಲ್ಲಿ ಅದು ಇಳಿಯುತ್ತಿತ್ತೋ, ಹಾಗೇ ಇತ್ತೋ, ಶುರುವಾಯಿತೋ ಅಥವಾ ಏರಿತೋ ಎಂದು ಹೇಳಲು. 98 ಎಂದರೆ ಗುಡುಗಿನ ಜೊತೆಗೆ ಧೂಳು.

ಈ ಪುಟ್ಟ ಸಂಕೇತಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಉಪಗ್ರಹಗಳು ಬರುವ ಎಷ್ಟೋ ವರ್ಷ ಮುಂಚಿನಿಂದಲೂ, ಬಿಸಿಲಿನಲ್ಲಿ, ಧೂಳಿನಲ್ಲಿ ಹೊರಗೆ ನಿಂತು ಯಾರೋ ಬರೆದದ್ದು ಅದು. 06 ಮತ್ತು 07ರ ನಡುವಿನ ವ್ಯತ್ಯಾಸವನ್ನೇ ನೋಡಿ. ಇಲ್ಲಿ ಎದ್ದದ್ದೋ, ಎಲ್ಲಿಂದಲೋ ಬಂದದ್ದೋ ಎಂದು ಎರಡೇ ಅಂಕಿಯಲ್ಲಿ ಹೇಳಿಬಿಡುತ್ತದೆ.

ಇವನ್ನು ಸೂಚ್ಯಂಕವಾಗಿ ಮಾಡಿದ ಕೆಲಸದಲ್ಲಿ ಆಸ್ಟ್ರೇಲಿಯಾದ್ದು ಹೆಸರುವಾಸಿ. ಗ್ರಿಫಿತ್ ವಿಶ್ವವಿದ್ಯಾಲಯದ ಗ್ರಾಂಟ್ ಮೆಕ್‌ಟೈನ್ಶ್ ಮತ್ತು ಅವರ ಜೊತೆಗಾರರು ರೂಪಿಸಿದ ಧೂಳಿನ ಬಿರುಗಾಳಿ ಸೂಚ್ಯಂಕ ಅದು. ಲೆಕ್ಕ ಸುಲಭ. ಪ್ರತಿ ಕೇಂದ್ರದಲ್ಲಿ ಒಂದು ದಿನದ ಅತಿ ದೊಡ್ಡ ಘಟನೆಯನ್ನು ಮಾತ್ರ ತೆಗೆದುಕೊಳ್ಳಬೇಕು. ತೀವ್ರ ಬಿರುಗಾಳಿಯ ದಿನಕ್ಕೆ 5 ಅಂಕ, ಸಾಧಾರಣ ಬಿರುಗಾಳಿಗೆ 1 ಅಂಕ, ಸ್ಥಳೀಯವಾಗಿ ಧೂಳು ಎದ್ದ ದಿನಕ್ಕೆ ಒಂದರ ಇಪ್ಪತ್ತನೇ ಒಂದು ಪಾಲು. ಎಲ್ಲ ಕೇಂದ್ರಗಳ ಅಂಕಗಳನ್ನು ಕೂಡಿಸಿದರೆ ಆ ಕಾಲದ, ಆ ಪ್ರದೇಶದ ಸೂಚ್ಯಂಕ ಸಿಗುತ್ತದೆ. ಇಪ್ಪತ್ತು ದಿನ ಹೊಲದಲ್ಲಿ ಧೂಳು ಎದ್ದರೆ ಒಂದು ಸಾಧಾರಣ ಬಿರುಗಾಳಿಗೆ ಸಮ ಎಂದಾಯಿತು. ಹಲವು ದಶಕಗಳಲ್ಲಿ ಗಾಳಿಯಿಂದ ಮಣ್ಣು ಎಷ್ಟು ಸವೆಯಿತು ಎಂದು ನೋಡಲು ಇದು ಒಳ್ಳೆಯ ಕನ್ನಡಿ.

ಒಗಟಿಗೆ ಉತ್ತರ

ಈಗ ನಮ್ಮ ಎರಡು ಬಿರುಗಾಳಿಗಳಿಗೆ ವಾಪಸ್ ಬರೋಣ. ಸೂಚ್ಯಂಕದ ಪ್ರಕಾರ 100 ಮೀಟರಿನದು ತೀವ್ರ, ಅದಕ್ಕೆ 5 ಅಂಕ. 900 ಮೀಟರಿನದು ಸಾಧಾರಣ, 1 ಅಂಕ. ಮೊದಲನೆಯದು ಐದು ಪಟ್ಟು ದೊಡ್ಡದು.

ಈಗ ಉಸಿರಿನ ಲೆಕ್ಕ. 2003ರ ಸೂತ್ರದಂತೆ ಮೊದಲನೆಯದರಲ್ಲಿ ಘನ ಮೀಟರಿಗೆ ಸುಮಾರು 26,300 ಮೈಕ್ರೋಗ್ರಾಂ. 40 ನಿಮಿಷ ಎಂದರೆ ಗಂಟೆಯ ಮೂರನೇ ಎರಡು ಪಾಲು, ಗುಣಿಸಿದರೆ ಸುಮಾರು 17,500. ಎರಡನೆಯದರಲ್ಲಿ ಸುಮಾರು 4,150 ಮೈಕ್ರೋಗ್ರಾಂ, 12 ಗಂಟೆ. ಗುಣಿಸಿದರೆ ಹತ್ತಿರ ಹತ್ತಿರ 50,000. ಹೊರಗೆ ಇದ್ದವರ ಮೂಗಿನ ಮುಂದೆ ಹಾದುಹೋದ ಧೂಳು 'ಸಾಧಾರಣ' ಬಿರುಗಾಳಿಯಲ್ಲೇ ಸುಮಾರು ಮೂರು ಪಟ್ಟು ಜಾಸ್ತಿ.

ಎರಡೂ ಉತ್ತರ ಸರಿ, ಏಕೆಂದರೆ ಎರಡು ಬೇರೆ ಬೇರೆ ಪ್ರಶ್ನೆಗಳು. ಹೆದ್ದಾರಿಯಲ್ಲಿ ಕಾರು ಓಡಿಸುವವರಿಗೆ, ವಿಮಾನ ಇಳಿಸುವವರಿಗೆ ಬೇಕಾದದ್ದು ಆ ಕ್ಷಣದ ಅತಿ ಕಮ್ಮಿ ಗೋಚರತೆ. ಅವರಿಗೆ ಮೊದಲನೆಯದೇ ಯಮ. ಆಸ್ತಮಾ ಇರುವವರಿಗೆ ಮುಖ್ಯ ಆಗುವುದು ಸಾಂದ್ರತೆ ಮತ್ತು ಹೊತ್ತು ಎರಡೂ. ಮಣ್ಣು ಕಳೆದುಕೊಳ್ಳುವ ರೈತನಿಗೆ ಇನ್ನೂ ಒಂದು ಅಂಕಿ ಬೇಕು, ಗಾಳಿಯ ವೇಗ. ಸಾಂದ್ರತೆಯನ್ನು ವೇಗದಿಂದ, ಹೊತ್ತಿನಿಂದ, ಧೂಳಿನ ಎತ್ತರದಿಂದ, ಅಗಲದಿಂದ ಗುಣಿಸಿದರೆ ಹಾದುಹೋದ ಒಟ್ಟು ಧೂಳಿನ ತೂಕ ಬರುತ್ತದೆ. 2009ರ ಸೆಪ್ಟೆಂಬರ್ 23ರ ಬೆಳಿಗ್ಗೆ ಸಿಡ್ನಿ ನಗರವನ್ನು ಕೆಂಪಾಗಿಸಿದ ಬಿರುಗಾಳಿಗೆ ಹೀಗೆ ಲೆಕ್ಕ ಮಾಡಿದರು. ಆಸ್ಟ್ರೇಲಿಯಾದ ಕರಾವಳಿ ದಾಟಿ ಸಮುದ್ರಕ್ಕೆ ಹೋದ ಧೂಳು ಸುಮಾರು 25 ಲಕ್ಷ ಟನ್ ಎಂಬ ಅಂದಾಜು ಬಂತು. ಇಂಥ ಲೆಕ್ಕದಲ್ಲಿ ಧೂಳು ಎಷ್ಟು ಎತ್ತರಕ್ಕಿದೆ ಎಂದು ಹಿಡಿಯುತ್ತೇವೋ ಅದರ ಮೇಲೆ ಉತ್ತರ ಬಹಳ ಬದಲಾಗುತ್ತದೆ, ನೆಲದ ಮೇಲಿನ ಕೇಂದ್ರಕ್ಕೆ ಆ ಎತ್ತರ ಕಾಣುವುದಿಲ್ಲ.

ಹಾಗಾಗಿ 'ತೀವ್ರತೆ ಎಷ್ಟು' ಎಂದು ಯಾರಾದರೂ ಒಂದೇ ಅಂಕಿ ಕೊಟ್ಟರೆ, ಯಾರಿಗಾಗಿ ಅಳೆದದ್ದು ಎಂದು ಕೇಳಬೇಕು. ಅತಿ ಕಮ್ಮಿ ಗೋಚರತೆ, ಎಷ್ಟು ಹೊತ್ತು, ಎಷ್ಟು ಕೇಂದ್ರಗಳಲ್ಲಿ ದಾಖಲಾಯಿತು, ಗರಿಷ್ಠ ಗಾಳಿ ಎಷ್ಟು ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಕೊಡುವುದೇ ಪ್ರಾಮಾಣಿಕ ದಾರಿ ಎಂದು ನಾನು ನಂಬುತ್ತೇನೆ.

ಉಳಿದ ಅಂಕಿಗಳು ಕೊಡುವ ಸುಳಿವು

ಗೋಚರತೆ ಕಮ್ಮಿಯಾದದ್ದೆಲ್ಲ ಧೂಳಲ್ಲ. ಮಂಜು, ಮಳೆ, ಹೊಗೆ ಎಲ್ಲವೂ ದಾರಿ ಮುಚ್ಚುತ್ತವೆ. ಬೇರ್ಪಡಿಸಲು ಮೊದಲ ಜರಡಿ ತೇವಾಂಶ. ಶೇ. 95 ತೇವ, ನಿಂತ ಗಾಳಿ, 200 ಮೀಟರ್ ಗೋಚರತೆ ಇದ್ದರೆ ಅದು ಮಂಜು. ಶೇ. 15 ತೇವ, ಸೆಕೆಂಡಿಗೆ 14 ಮೀಟರ್ ಗಾಳಿ, ಅದೇ 200 ಮೀಟರ್ ಗೋಚರತೆ ಇದ್ದರೆ ಧೂಳು.

ಆದರೆ ಈ ಜರಡಿಯನ್ನು ತೀರಾ ಬಿಗಿ ಮಾಡಿದರೆ ಒಂದು ಜಾತಿಯ ಬಿರುಗಾಳಿ ತಪ್ಪಿಸಿಕೊಳ್ಳುತ್ತದೆ. ಅದರ ಹೆಸರು ಹಬೂಬ್. ಸುಡಾನ್‌ನ ಖಾರ್ಟೂಮ್ ಕಡೆಯಿಂದ ಬಂದ ಅರಬ್ಬಿ ಪದ. ಗುಡುಗಿನ ಮೋಡದಿಂದ ಬೀಳುವ ಮಳೆ ದಾರಿಯಲ್ಲೇ ಆವಿಯಾಗುತ್ತಾ ಗಾಳಿಯನ್ನು ತಣ್ಣಗಾಗಿಸುತ್ತದೆ. ತಣ್ಣನೆಯ ಗಾಳಿ ಭಾರ. ಅದು ದೊಪ್ಪನೆ ನೆಲಕ್ಕೆ ಬಿದ್ದು ಸುತ್ತ ಹರಡುತ್ತದೆ, ಮುಂದೆ ಧೂಳಿನ ಗೋಡೆಯನ್ನೇ ತಳ್ಳಿಕೊಂಡು ಹೋಗುತ್ತದೆ. 2011ರ ಜುಲೈ 5ರಂದು ಅಮೆರಿಕದ ಫೀನಿಕ್ಸ್ ನಗರಕ್ಕೆ ಹೀಗೆ ಬಂದ ಗೋಡೆ 1,500 ಮೀಟರಿಗೂ ಎತ್ತರ ಇತ್ತು, ಸುಮಾರು 160 ಕಿಲೋಮೀಟರ್ ಅಗಲ ಇತ್ತು.

ಹವಾಮಾನ ಅಂಕಿಗಳಲ್ಲಿ ಹಬೂಬ್‌ನ ಬೆರಳಚ್ಚು ಚೆನ್ನಾಗಿ ಕಾಣುತ್ತದೆ. ಗಾಳಿಯ ದಿಕ್ಕು ಫಕ್ಕನೆ ತಿರುಗುತ್ತದೆ. ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ ಹಲವು ಡಿಗ್ರಿ ಇಳಿಯುತ್ತದೆ. ತಣ್ಣನೆಯ ಭಾರದ ಗಾಳಿ ಬಂದ ಕಾರಣ ಒತ್ತಡ ಏರುತ್ತದೆ. ತೇವವೂ ಏರುತ್ತದೆ, ಜರಡಿ ಮೋಸ ಹೋಗುವುದು ಇಲ್ಲೇ. ಇರಾಕ್ ಮತ್ತು ಕೊಲ್ಲಿ ದೇಶಗಳ ಶಮಾಲ್ ಗಾಳಿಯ ಧೂಳು ಹಾಗಲ್ಲ. ಅದು ದಿನಗಟ್ಟಲೆ ಒಂದೇ ಕಡೆಯಿಂದ ಬೀಸುತ್ತದೆ, ಹಗಲು ಏರಿ ರಾತ್ರಿ ಇಳಿಯುತ್ತದೆ. ಮೂರು ಗಂಟೆಗೊಮ್ಮೆ ಮಾತ್ರ ಬರೆಯುವ ಕೇಂದ್ರದ ದಾಖಲೆಯಲ್ಲಿ ಶಮಾಲ್ ತಪ್ಪಿಸಿಕೊಳ್ಳುವುದಿಲ್ಲ. 40 ನಿಮಿಷದ ಹಬೂಬ್ ಎರಡು ವೀಕ್ಷಣೆಗಳ ನಡುವೆ ಬಂದು ಹೋಗಿಬಿಡಬಹುದು.

ದಾಖಲೆಯಲ್ಲಿ ಬಿದ್ದ ತೂತುಗಳು

ಇನ್ನೊಂದು ತೊಂದರೆ ಜಾಗದ್ದು. ಧೂಳು ಜಾಸ್ತಿ ಏಳುವುದು ಜನ ಇಲ್ಲದ ಕಡೆ. ಚಾಡ್ ದೇಶದ ಬೊಡೆಲೆ ತಗ್ಗು ಒಂದು ಕಾಲದ ದೊಡ್ಡ ಸರೋವರದ ಒಣಗಿದ ತಳ. ಟಿಬೆಸ್ಟಿ ಮತ್ತು ಎನ್ನೆಡಿ ಬೆಟ್ಟಗಳ ನಡುವೆ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ನುಗ್ಗಿ ಅಲ್ಲಿನ ಧೂಳನ್ನು ಎಬ್ಬಿಸುತ್ತದೆ. ಲೋಕದ ಅತಿ ದೊಡ್ಡ ಧೂಳಿನ ಮೂಲಗಳಲ್ಲಿ ಅದೂ ಒಂದು. ಅಂಥ ಕಡೆ ದಿನವೂ ವೀಕ್ಷಣೆ ಬರೆಯುವವರು ಯಾರು? 2005ರಲ್ಲಿ ವಿಜ್ಞಾನಿಗಳ ತಂಡವೊಂದು ಉಪಕರಣ ಹೊತ್ತು ಅಲ್ಲಿಗೇ ಹೋಗಿ ಅಳತೆ ಮಾಡಬೇಕಾಯಿತು. ಇಂಥ ಕಡೆಗಳಿಗೆ ಉಪಗ್ರಹವೇ ಗತಿ. 1970ರ ದಶಕದ ಕೊನೆಯಿಂದ ಉಪಗ್ರಹಗಳು ಧೂಳಿನ ಮುಸುಕನ್ನು ಗುರುತಿಸುತ್ತಿವೆ. ಆದರೆ ಹೆಚ್ಚಿನವು ನೆಲದಿಂದ ಆಕಾಶದವರೆಗಿನ ಒಟ್ಟು ಧೂಳನ್ನು ಕಾಣುತ್ತವೆ. ನಾವು ಉಸಿರಾಡುವ ಎತ್ತರದಲ್ಲಿ ಎಷ್ಟಿದೆ ಎಂದು ಹೇಳುವುದಿಲ್ಲ. ಮೋಡದ ಕೆಳಗಿನ ಧೂಳು ಅವಕ್ಕೆ ಕಾಣುವುದೂ ಇಲ್ಲ. ಹಬೂಬ್ ಹುಟ್ಟುವುದೇ ಮೋಡದ ಕೆಳಗೆ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮತ್ತೊಂದು ತೂತು. ಹಲವು ದೇಶಗಳಲ್ಲಿ ವೀಕ್ಷಕರ ಜಾಗಕ್ಕೆ ಯಂತ್ರಗಳು ಬಂದಿವೆ. ಯಂತ್ರ ಒಂದು ಮಾರು ದೂರವೂ ಇಲ್ಲದ ಗಾಳಿಯ ತುಣುಕಿಗೆ ಬೆಳಕು ಹಾಯಿಸಿ, ಎಷ್ಟು ಚೆದುರಿತು ಎಂದು ನೋಡಿ ಗೋಚರತೆ ಹೇಳುತ್ತದೆ. ಈ ಲೆಕ್ಕವನ್ನು ಹೆಚ್ಚಾಗಿ ಮಂಜಿನ ಹನಿಗಳಿಗೆ ಹೊಂದಿಸಿರುತ್ತಾರೆ. ಧೂಳು ಬೆಳಕನ್ನು ಚೆದುರಿಸುವ ರೀತಿ ಬೇರೆ, ಸ್ವಲ್ಪ ಬೆಳಕನ್ನು ಅದು ನುಂಗಿಯೂ ಬಿಡುತ್ತದೆ. ಇನ್ನು 07, 08ರಂಥ ಸಂಕೇತಗಳನ್ನು ಬರೆಯುವುದು ಯಂತ್ರಕ್ಕೆ ಕಷ್ಟ. ದೂರದ ಹೊಲದಲ್ಲಿ ಏಳುತ್ತಿರುವ ಧೂಳನ್ನು ಮನುಷ್ಯ ತಲೆಯೆತ್ತಿ ನೋಡುತ್ತಾನೆ. ಯಂತ್ರಕ್ಕೆ ತನ್ನ ಮುಂದಿನ ಗಾಳಿ ಬಿಟ್ಟು ಬೇರೇನೂ ಗೊತ್ತಿಲ್ಲ. ವೀಕ್ಷಕರನ್ನು ತೆಗೆದ ವರ್ಷದಿಂದ ದಾಖಲೆಯಲ್ಲಿ ಧೂಳಿನ ದಿನಗಳು ತಟ್ಟನೆ ಇಳಿಯುತ್ತವೆ. ನೆಲ ಸುಧಾರಿಸಿತು ಎಂದು ಯಾರಾದರೂ ಹಿಗ್ಗಿದರೆ ಅದು ತಪ್ಪು, ನೋಡುವವರು ಇಲ್ಲವಾದರು ಅಷ್ಟೇ.

ಇದನ್ನು ಸರಿಪಡಿಸಲು ದಾರಿ ಇದೆ, ಆದರೆ ತಾಳ್ಮೆ ಬೇಕು. ಯಂತ್ರದ ದಾಖಲೆಯಲ್ಲಿ ಗೋಚರತೆ ಬಿದ್ದ ಪ್ರತಿ ಹೊತ್ತನ್ನೂ ತೆಗೆದು, ಪಕ್ಕದಲ್ಲಿ ತೇವಾಂಶ, ಗಾಳಿ, ಒತ್ತಡ ಇಟ್ಟು ಧೂಳೋ ಅಲ್ಲವೋ ಎಂದು ಒಂದೊಂದಾಗಿ ತೀರ್ಮಾನಿಸಬೇಕು. ವೀಕ್ಷಕರೂ ಯಂತ್ರವೂ ಒಟ್ಟಿಗೆ ಕೆಲಸ ಮಾಡಿದ ಕೆಲವು ತಿಂಗಳು ಎಲ್ಲಾದರೂ ಸಿಕ್ಕಿದರೆ ಅದು ಚಿನ್ನ. ಅದೇ ಗಂಟೆಗೆ ಮನುಷ್ಯ ಬರೆದ 34 ಮತ್ತು ಯಂತ್ರ ಬರೆದ ಗೋಚರತೆಯನ್ನು ಅಕ್ಕಪಕ್ಕ ಇಟ್ಟರೆ, ಯಂತ್ರ ಧೂಳನ್ನು ಎಷ್ಟು ಕಮ್ಮಿಯಾಗಿಯೋ ಜಾಸ್ತಿಯಾಗಿಯೋ ಹೇಳುತ್ತಿದೆ ಎಂದು ಗೊತ್ತಾಗುತ್ತದೆ. ಆ ವ್ಯತ್ಯಾಸ ಕೈಗೆ ಸಿಕ್ಕ ಮೇಲೆ, ವೀಕ್ಷಕರಿಲ್ಲದ ವರ್ಷಗಳ ಅಂಕಿಗಳನ್ನೂ ಹಳೆಯ ದಾಖಲೆಯ ಜೊತೆ ಹೊಂದಿಸಿ ಓದಬಹುದು.